ಬಂದರಿನ ಚುಕ್ಕಿಚಿತ್ರ: ಯಾವ ಮುದ್ರಣ, ಯಾವ ಅಳತೆ, ಯಾವ ಕಾಗದ?

ಫ್ರೆಂಚ್ ಚುಕ್ಕಿಚಿತ್ರಕಾರ ಪಾಲ್ ಸಿನ್ಯಾಕ್ ಬಿಡಿಸಿದ ಮಾರ್ಸೆ ಬಂದರನ್ನೋ ಅವನ ಸಮಕಾಲೀನ ಜಾರ್ಜ್ ಸೆರಾ ಬಿಡಿಸಿದ ಓನ್‌ಫ್ಲರ್ ದಡವನ್ನೋ ಮನೆಯ ಗೋಡೆಗೆ ತರಬೇಕೆಂದು ಹುಡುಕಿದರೆ ಒಂದೇ ಚಿತ್ರ ಐದಾರು ರೂಪದಲ್ಲಿ ಎದುರಾಗುತ್ತದೆ. ಪೋಸ್ಟರ್, ಕ್ಯಾನ್ವಾಸ್, ಹತ್ತಿ ಕಾಗದದ ಜಿಕ್ಲೇ (ಇಂಕ್‌ಜೆಟ್ ಮುದ್ರಣ), ಬರೈಟಾ (ಹೊಳಪಿನ ಲೇಪನವಿರುವ ಫೋಟೊ ಕಾಗದ), ಅಕ್ರಿಲಿಕ್, ಕೈಯಿಂದ ಬರೆದ ನಕಲು. ಬೆಲೆಗಳ ನಡುವೆ ಅಜಗಜಾಂತರ, ಆದರೆ ಮೊಬೈಲ್ ಪರದೆಯಲ್ಲಿ ಎಲ್ಲವೂ ಒಂದೇ ಥರ ಕಾಣುತ್ತವೆ. ಯಾವುದನ್ನು ಕೊಳ್ಳುವುದು ಎಂದು ಕೇಳುವ ಓದುಗರು ಹಲವರಿದ್ದಾರೆ.

ಬೇರೆ ಬಗೆಯ ಚಿತ್ರಗಳಿಗೆ ಒಪ್ಪುವ ಸಲಹೆ ಚುಕ್ಕಿಚಿತ್ರಕ್ಕೆ ಒಪ್ಪುವುದಿಲ್ಲ. ಇಲ್ಲಿ ಕಲಾವಿದ ಬಣ್ಣಗಳನ್ನು ಮೊದಲೇ ಕಲಸದೆ, ಕಿತ್ತಳೆಯ ಪಕ್ಕ ನೀಲಿ, ಹಳದಿಯ ಪಕ್ಕ ನೇರಳೆ ಎಂದು ಬಿಡಿಬಿಡಿ ಚುಕ್ಕಿಗಳಾಗಿ ಇಟ್ಟಿರುತ್ತಾನೆ. ಪಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಹೇಗೆ ಬದಲಿಸಿ ತೋರಿಸುತ್ತವೆ ಎಂದು ಫ್ರೆಂಚ್ ರಸಾಯನಶಾಸ್ತ್ರಜ್ಞ ಶೆವ್ರೆಲ್ 1839ರಲ್ಲಿ ಪ್ರಕಟಿಸಿದ ವಿಚಾರವೇ ಈ ಪದ್ಧತಿಯ ಬುನಾದಿ. ಹತ್ತಿರ ನಿಂತರೆ ಚುಕ್ಕಿ ಕಾಣಬೇಕು, ದೂರ ಸರಿದರೆ ನೀರು ಹೊಳೆಯಬೇಕು. ಚುಕ್ಕಿ ಅಳಿಸಿಹೋದ ಮುದ್ರಣದಲ್ಲಿ ಉಳಿಯುವುದು ಮಂಕಾದ ಒಂದು ಸಮುದ್ರದೃಶ್ಯ, ಅಷ್ಟೆ. ಹಾಗಾಗಿ ಕಾಗದ, ಗಾಜು, ಅಳತೆ, ಫೈಲು ಎಲ್ಲವನ್ನೂ ನೋಡಬೇಕಾದದ್ದು ಒಂದೇ ಪ್ರಶ್ನೆಯಿಂದ: ಚುಕ್ಕಿ ಉಳಿಯುತ್ತದೆಯೇ?

ಮೊದಲು ಅಳತೆಯ ಲೆಕ್ಕ

ಸಾಮಾನ್ಯ ದೃಷ್ಟಿಯ ಕಣ್ಣು ಒಂದು ಮೀಟರ್ ದೂರದಿಂದ ಸುಮಾರು 0.3 ಮಿ.ಮೀ. ಗಾತ್ರದ ವಿವರವನ್ನು ಬಿಡಿಸಿ ನೋಡಬಲ್ಲದು. ಮೂರು ಮೀಟರಿಗೆ ಅದು 0.9 ಮಿ.ಮೀ., ಐದು ಮೀಟರಿಗೆ ಸುಮಾರು 1.5 ಮಿ.ಮೀ. ಇದಕ್ಕಿಂತ ಚಿಕ್ಕ ಚುಕ್ಕಿಗಳು ಆ ದೂರದಲ್ಲಿ ಬೆರೆತುಹೋಗುತ್ತವೆ.

ಸೆರಾ 1886ರಲ್ಲಿ ಬಿಡಿಸಿದ ಓನ್‌ಫ್ಲರ್ ದೀಪಸ್ತಂಭದ ಮೂಲಚಿತ್ರ 66.7 × 81.9 ಸೆಂ.ಮೀ. ಅದರ ಒಂದು ಚುಕ್ಕಿ 3 ಮಿ.ಮೀ. ಎಂದಿಟ್ಟುಕೊಳ್ಳಿ. 40 ಸೆಂ.ಮೀ. ಅಗಲದ ಮುದ್ರಣದಲ್ಲಿ ಅದು 1.5 ಮಿ.ಮೀ. ಆಗುತ್ತದೆ, ಸೋಫಾದಲ್ಲಿ ಕೂತವರಿಗೆ ಇನ್ನೂ ಮಿನುಗುತ್ತದೆ. 20 ಸೆಂ.ಮೀ. ಅಗಲಕ್ಕೆ ಇಳಿಸಿದರೆ 0.7 ಮಿ.ಮೀ., ಮೂರು ಮೀಟರಿನಿಂದ ಏನೂ ಉಳಿಯದು. ಸಿನ್ಯಾಕ್ 1900ರ ನಂತರದ ಚಿತ್ರಗಳಲ್ಲಿ ಚುಕ್ಕಿ ಬಿಟ್ಟು ಮೊಸಾಯಿಕ್ ಬಿಲ್ಲೆಗಳಂಥ ಅಗಲ ಕುಂಚಗೆರೆಗಳಿಗೆ ಹೋದ. ಅವನ ಮಾರ್ಸೆ ಚಿತ್ರ 88.9 × 116.2 ಸೆಂ.ಮೀ. ಇದೆ. 10 ಮಿ.ಮೀ. ಉದ್ದದ ಒಂದು ಗೆರೆ 40 ಸೆಂ.ಮೀ. ಮುದ್ರಣದಲ್ಲೂ 3.4 ಮಿ.ಮೀ. ಉಳಿಯುತ್ತದೆ.

ಬಜೆಟ್ ಚಿಕ್ಕದಿದ್ದರೆ, ಗೋಡೆ ಚಿಕ್ಕದಿದ್ದರೆ ಸಿನ್ಯಾಕ್‌ನ ನಂತರದ ಚಿತ್ರ ಆರಿಸಿ, ಅದು ಕುಗ್ಗಿದರೂ ತಡೆದುಕೊಳ್ಳುತ್ತದೆ. ಸೆರಾ ಬೇಕೆಂದರೆ 40 ಸೆಂ.ಮೀ.ಗಿಂತ ಕೆಳಗೆ ಇಳಿಯಬೇಡಿ.

ಮುದ್ರಣದ ಬೆಲೆ ಹೆಚ್ಚಾಗಿ ಚದರ ಇಂಚು ಇಲ್ಲವೇ ಚದರ ಅಡಿಯ ಲೆಕ್ಕ. 12 × 16 ಇಂಚು ಅಂದರೆ 192 ಚದರ ಇಂಚು, 24 × 32 ಅಂದರೆ 768. ಎರಡೂ ಬದಿ ಇಮ್ಮಡಿಸಿದರೆ ಖರ್ಚು ನಾಲ್ಕು ಪಟ್ಟು, ಫ್ರೇಮಿನ ಖರ್ಚು ಬೇರೆ.

ಯಾವ ಚಿತ್ರ

ಬಂದರಿನ ಚುಕ್ಕಿಚಿತ್ರಗಳು ಬಹಳ ಇವೆ. ಮುದ್ರಣಕ್ಕೆ ಒಗ್ಗುವ ನಾಲ್ಕನ್ನು ಇಲ್ಲಿ ತೂಗಿ ನೋಡಬಹುದು.

ಸಿನ್ಯಾಕ್‌ನ ಕಸ್ಸಿ ಧಕ್ಕೆ (ಹಡಗುಕಟ್ಟೆ), 1889. ಮಾರ್ಸೆಯ ಹತ್ತಿರದ ಪುಟ್ಟ ಬಂದರು. ಸಂಗೀತಗಾರರಂತೆ ತನ್ನ ಕೃತಿಗಳಿಗೆ ಸಂಖ್ಯೆ ಕೊಡುತ್ತಿದ್ದ ಕಾಲದ್ದು, ಇದು ಓಪಸ್ 198. ಬಿಳಿ, ನೀಲಿ, ಕಿತ್ತಳೆ, ಮಧ್ಯಾಹ್ನದ ಬಿಸಿಲು. ಮೂಲ ಅಳತೆ 46.4 × 65.1 ಸೆಂ.ಮೀ. ಮಾತ್ರ. ಅಂದರೆ ಚುಕ್ಕಿಯನ್ನು ಒಂದಿಷ್ಟೂ ಕುಗ್ಗಿಸದೆ ಮೂಲದ ಅಳತೆಯಲ್ಲೇ ಮುದ್ರಿಸಿಕೊಳ್ಳಬಹುದು. 24 ಇಂಚಿನ, ಅಂದರೆ 61 ಸೆಂ.ಮೀ. ಅಗಲದ ಕಾಗದದ ರೋಲಿನಲ್ಲಿ ಸುತ್ತ 5 ಸೆಂ.ಮೀ. ಬಿಳಿ ಅಂಚು ಬಿಟ್ಟರೂ ಕೂರುತ್ತದೆ. ಚಿತ್ರದ ಭಾಗ ಮೂರೂಕಾಲು ಚದರ ಅಡಿ. ಮಧ್ಯಮ ಬಜೆಟ್ಟಿನವರಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ. ದೊಡ್ಡ ಚಿತ್ರವೊಂದರ ಅರ್ಧ ಅಳತೆಯ ನಕಲಿಗಿಂತ ಚಿಕ್ಕ ಚಿತ್ರದ ಪೂರ್ಣ ಅಳತೆಯ ಮುದ್ರಣ ಮೇಲು.

ಸಿನ್ಯಾಕ್‌ನ ಕೆಂಪು ಬೋಯಾ, 1895, ಪ್ಯಾರಿಸ್ಸಿನ ಓರ್ಸೆ ಸಂಗ್ರಹಾಲಯದ್ದು. ಸೇಂಟ್ ಟ್ರೋಪೆ ಬಂದರಿನ ಮನೆಗಳು ನೀರಿನಲ್ಲಿ ಅಲುಗುತ್ತಿರುವಾಗ ಮುಂದೆ ಒಂದು ಕೆಂಪು ತೇಲುಗುರುತು. ಸಮುದ್ರದೃಶ್ಯವಾದರೂ ನಿಲುವು ಉದ್ದ, ಸುಮಾರು 81 × 65 ಸೆಂ.ಮೀ. ಎರಡು ಬಾಗಿಲುಗಳ ನಡುವಿನ ಕಿರಿದಾದ ಗೋಡೆಗೆ ಇದು ಹೊಂದುತ್ತದೆ. ಕಿತ್ತಳೆಯ ಪ್ರತಿಬಿಂಬಗಳು ಕಡುನೀಲಿಯ ಮೇಲೆ ಕೂತಿರುವುದರಿಂದ ಮುದ್ರಕರ ಕೈಚಳಕಕ್ಕೆ ಪರೀಕ್ಷೆ ಕೊಡುವ ಚಿತ್ರವೂ ಹೌದು.

ಸಿನ್ಯಾಕ್‌ನ ಮಾರ್ಸೆ, 1905–06. ಮುಂದೆ ಹಾಯಿದೋಣಿಗಳು, ಹಿಂದೆ ಗುಡ್ಡದ ಮೇಲೆ ನೋತ್ರ್ ದಾಮ್ ದ ಲಾ ಗಾರ್ದ್ ಬಸಿಲಿಕಾ. ದೂರದಿಂದಲೇ ಕಣ್ಣಿಗೆ ಬೀಳುವ ಬಣ್ಣ. ಪೂರ್ಣ ಅಳತೆಗೆ 44 ಇಂಚಿನ ರೋಲು, ಹನ್ನೊಂದು ಚದರ ಅಡಿ ಮುದ್ರಣ ಬೇಕು, ಆದರೆ ಮೂರನೇ ಒಂದಕ್ಕೆ ಇಳಿಸಿದರೂ ಗುಣ ಕೆಡುವುದಿಲ್ಲ.

ಸೆರಾನ ಓನ್‌ಫ್ಲರ್ ದೀಪಸ್ತಂಭ ಇವೆಲ್ಲಕ್ಕಿಂತ ಮೌನ. ಮರಳು, ತೆಳು ಆಕಾಶ, ನಯವಾದ ಬೂದು-ನೀಲಿ. ಬಣ್ಣ ತೆಳುವಾದಷ್ಟೂ ಮುದ್ರಣದ ತಪ್ಪು ಎದ್ದು ಕಾಣುತ್ತದೆ. ಒಟ್ಟು ಬಣ್ಣ ಸ್ವಲ್ಪ ಹಸಿರಿಗೆ ವಾಲಿದರೂ ಮರಳು ಕಾಯಿಲೆ ಬಿದ್ದಂತಾಗುತ್ತದೆ. ಒಳ್ಳೆಯ ಮುದ್ರಕರು, ಒಳ್ಳೆಯ ಕಾಗದ ಸಿಗುವುದು ಖಚಿತವಿದ್ದರೆ ಮಾತ್ರ ಇದಕ್ಕೆ ಕೈಹಾಕಿ. ಪೋಸ್ಟರಿನಲ್ಲಿ ಇದನ್ನು ಕೊಳ್ಳಲೇಬೇಡಿ.

ಸಿದ್ಧ ಅಳತೆಗಳ ಬಲೆಗೂ ಎಚ್ಚರ ಇರಲಿ. ಸೆರಾನ ಚಿತ್ರಕ್ಕೆ 16 × 20, ಮಾರ್ಸೆಗೆ 18 × 24, ಕಸ್ಸಿಗೆ ಎ2 ಹಾಳೆ ಹೆಚ್ಚುಕಡಿಮೆ ಸರಿಹೊಂದುತ್ತವೆ. ಆದರೆ ಎಲ್ಲ ಕಡೆ ಮಾರುವ 24 × 36 ಇಂಚಿಗೆ ತುಂಬಿಸಿದರೆ ಮಾರ್ಸೆ ಚಿತ್ರದ ಎತ್ತರದಲ್ಲಿ ಸುಮಾರು 13 ಶೇಕಡಾ, ಸೆರಾನದರಲ್ಲಿ 18 ಶೇಕಡಾ ಕತ್ತರಿ ಬೀಳುತ್ತದೆ. ಕತ್ತರಿಸದೆ, ಸುತ್ತ ಬಿಳಿ ಅಂಚು ಬಿಟ್ಟು ಮುದ್ರಿಸಿ ಎಂದು ಬರೆದು ಹೇಳಿ. ಸೆರಾ ತನ್ನ ಕೆಲವು ಚಿತ್ರಗಳಿಗೆ ಚುಕ್ಕಿಯ ಅಂಚನ್ನೋ ಚೌಕಟ್ಟನ್ನೋ ತಾನೇ ಬಿಡಿಸಿದ್ದಾನೆ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಮೋಮಾದಲ್ಲಿರುವ ಓನ್‌ಫ್ಲರ್ ಸಂಜೆಯ ಚಿತ್ರಕ್ಕೆ ಅಂಥ ಮರದ ಚೌಕಟ್ಟಿದೆ. ಅಂಚಿರುವ ಚಿತ್ರ ಕೊಳ್ಳುವಾಗ ಮಾರಾಟಗಾರರು ಅದನ್ನು ಕತ್ತರಿಸಿದ್ದಾರೆಯೇ ಎಂದು ನೋಡಿ.

ಫೈಲು ಕೆಟ್ಟಿದ್ದರೆ ಕಾಗದ ಏನು ಮಾಡೀತು

ಸೆರಾ ತೀರಿಕೊಂಡದ್ದು 1891ರಲ್ಲಿ, ಸಿನ್ಯಾಕ್ 1935ರಲ್ಲಿ. ಭಾರತದಲ್ಲಿ ಕಲಾವಿದ ತೀರಿಕೊಂಡು 60 ವರ್ಷಕ್ಕೆ ಹಕ್ಕುಸ್ವಾಮ್ಯ ಮುಗಿಯುವುದರಿಂದ ಇಬ್ಬರ ಚಿತ್ರಗಳನ್ನೂ ಯಾರು ಬೇಕಾದರೂ ಮುದ್ರಿಸಬಹುದು. ಕಸ್ಸಿ ಮತ್ತು ಮಾರ್ಸೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿವೆ, ಸೆರಾನ ದೀಪಸ್ತಂಭ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್‌ನಲ್ಲಿ. ಹಕ್ಕು ಮುಗಿದ ಚಿತ್ರಗಳ ಫೈಲುಗಳನ್ನು ಈ ಎರಡೂ ಸಂಸ್ಥೆಗಳು ಉಚಿತವಾಗಿ ಕೊಡುವ ಪದ್ಧತಿ ಇಟ್ಟುಕೊಂಡಿವೆ. ಅಲ್ಲಿಂದ ಫೈಲು ಇಳಿಸಿ ಊರಿನ ಒಳ್ಳೆಯ ಮುದ್ರಕರಿಗೆ ಕೊಡುವುದು, ಎಲ್ಲಿಂದ ಬಂದ ಫೈಲೆಂದು ಹೇಳದ ಸಿದ್ಧ ಮುದ್ರಣ ಕೊಳ್ಳುವುದಕ್ಕಿಂತ ಎಷ್ಟೋ ಮೇಲು.

ಫೈಲು ಸಾಕೋ ಎಂದು ತಿಳಿಯಲು ಉದ್ದ ಬದಿಯ ಪಿಕ್ಸೆಲ್ ಸಂಖ್ಯೆಯನ್ನು ಮೂಲಚಿತ್ರದ ಮಿ.ಮೀ. ಉದ್ದದಿಂದ ಭಾಗಿಸಿ, ಚುಕ್ಕಿಯ ಗಾತ್ರದಿಂದ ಗುಣಿಸಿ. ಸೆರಾನ ಚಿತ್ರಕ್ಕೆ 4,000 ಪಿಕ್ಸೆಲ್ ಇದ್ದರೆ ಮಿ.ಮೀ.ಗೆ ಸುಮಾರು 4.9, ಅಂದರೆ 3 ಮಿ.ಮೀ. ಚುಕ್ಕಿಗೆ 15 ಪಿಕ್ಸೆಲ್ ಅಗಲ. ಚುಕ್ಕಿಗೆ ದುಂಡು ಆಕಾರ, ಅಂಚು ಎರಡೂ ಸಿಗುತ್ತವೆ. 1,500 ಪಿಕ್ಸೆಲ್ಲಿನ ಫೈಲಾದರೆ ಚುಕ್ಕಿಗೆ ಐದೋ ಆರೋ ಪಿಕ್ಸೆಲ್, ಅದು ಮುದ್ದೆಯಾಗುತ್ತದೆ. ಚುಕ್ಕಿಗೆ ಹತ್ತು ಪಿಕ್ಸೆಲ್ಲಿಗಿಂತ ಕಡಿಮೆ ಇರುವ ಫೈಲು ಬೇಡ. ಮುದ್ರಕರು 300 ಡಿಪಿಐ (ಮುದ್ರಣದ ಪ್ರತಿ ಇಂಚಿಗೆ 300 ಬಿಂದು) ಕೇಳುವುದು ವಾಡಿಕೆ. ಒಂದು ಮೀಟರ್ ದೂರದಿಂದ ನೋಡುವ ಗೋಡೆಚಿತ್ರಕ್ಕೆ 150 ಡಿಪಿಐ ಸಾಕಾಗುತ್ತದೆ, ಮೇಲಿನ ಚುಕ್ಕಿಲೆಕ್ಕ ಸರಿಯಿದ್ದರೆ.

ಬಹಳ ಜನ ಗಮನಿಸದ ಒಂದು ಕೆಡುಕು ಜೆಪೆಗ್ ಫೈಲಿನಲ್ಲಿದೆ. ಹೆಚ್ಚು ಒತ್ತಿ ಕುಗ್ಗಿಸಿದ ಜೆಪೆಗ್ ಬೆಳಕು-ನೆರಳಿನ ವಿವರವನ್ನು ಬಹುಮಟ್ಟಿಗೆ ಇಟ್ಟುಕೊಂಡು, ಬಣ್ಣದ ವಿವರವನ್ನು ಅರ್ಧಕ್ಕೆ ಇಳಿಸುತ್ತದೆ. ಸಾಮಾನ್ಯ ಫೋಟೊದಲ್ಲಿ ಇದು ಗೊತ್ತಾಗದು. ಚುಕ್ಕಿಚಿತ್ರದಲ್ಲಿ ಹಲವು ಕಡೆ ಪಕ್ಕಪಕ್ಕದ ಕಿತ್ತಳೆ ಮತ್ತು ನೀಲಿಯ ಹೊಳಪು ಹೆಚ್ಚುಕಡಿಮೆ ಒಂದೇ ಇರುತ್ತದೆ, ಬೇರೆಯಿರುವುದು ಬಣ್ಣ ಮಾತ್ರ. ಅದೇ ಕಳೆದುಹೋದರೆ ಎರಡೂ ಸೇರಿ ಕಂದು ಛಾಯೆಗೆ ಬರುತ್ತವೆ. ವಾಟ್ಸಾಪ್‌ನಲ್ಲಿ ಸಾಮಾನ್ಯ ಫೋಟೊವಾಗಿ ಫೈಲು ಕಳಿಸಿದರೆ ಇದೇ ಆಗುತ್ತದೆ. ಇಮೇಲ್ ಅಥವಾ ಡ್ರೈವ್ ಲಿಂಕ್ ಮೂಲಕ, ಸಾಧ್ಯವಾದರೆ ಟಿಫ್ (ವಿವರ ಕಳೆಯದ ಫೈಲು) ರೂಪದಲ್ಲೇ ಕೊಡಿ.

ಎಐ ಬಳಸಿ ಫೈಲು ದೊಡ್ಡದು ಮಾಡಿಕೊಡುತ್ತೇವೆ ಎಂದರೆ ಒಪ್ಪಬೇಡಿ. ಆ ತಂತ್ರಾಂಶಗಳು ಚುಕ್ಕಿಗಳನ್ನು ಫೋಟೊದ ಕೊಳೆ ಎಂದು ಭಾವಿಸಿ ಒರೆಸುತ್ತವೆ, ಇಲ್ಲವೇ ಜೋಡಿಸಿ ಉದ್ದ ಗೆರೆ ಮಾಡುತ್ತವೆ. ವಿಪರೀತ ಶಾರ್ಪನಿಂಗ್ ಕೂಡ ಕೆಟ್ಟದು, ಪ್ರತಿ ಚುಕ್ಕಿಯ ಸುತ್ತ ಬಿಳಿ ಬಳೆ ಮೂಡುತ್ತದೆ.

ಕಾಗದವೋ, ಕ್ಯಾನ್ವಾಸೋ

ಪೋಸ್ಟರ್ ಅಗ್ಗ. ಆದರೆ ಆಫ್‌ಸೆಟ್ ಮುದ್ರಣ ನಾಲ್ಕೇ ಶಾಯಿಯದು, ಅದೂ ತನ್ನದೇ ಸೂಕ್ಷ್ಮ ಚುಕ್ಕಿಗಳಿಂದ ಆದದ್ದು. ಚಿತ್ರವನ್ನು ಬಹಳ ಕುಗ್ಗಿಸಿದಾಗ ಎರಡು ಬಗೆಯ ಚುಕ್ಕಿಗಳು ಒಂದರೊಳಗೊಂದು ಸಿಕ್ಕಿ ಬಟ್ಟೆಯ ನೇಯ್ಗೆಯಂಥ ಅಲೆಗಳು ಕಾಣಬಹುದು. ಕಿತ್ತಳೆ, ನೇರಳೆ, ಪಚ್ಚೆ ಹಸಿರು ನಾಲ್ಕು ಶಾಯಿಯಲ್ಲಿ ಮಂಕಾಗುತ್ತವೆ, ಬಂದರಿನ ಚುಕ್ಕಿಚಿತ್ರ ನಿಂತಿರುವುದೇ ಆ ಬಣ್ಣಗಳ ಮೇಲೆ. ಬಾಡಿಗೆ ಕೋಣೆಗೆ, ಒಂದೆರಡು ವರ್ಷಕ್ಕೆ ಸಾಕು ಅನ್ನುವವರು ಮಾರ್ಸೆ ಚಿತ್ರದ ಪೋಸ್ಟರ್ ಕೊಳ್ಳಬಹುದು.

ಹತ್ತಿ ಕಾಗದದ ಮೇಲಿನ ಮ್ಯಾಟ್ (ಹೊಳಪಿಲ್ಲದ) ಜಿಕ್ಲೇ ಎಂದರೆ ಪಿಗ್ಮೆಂಟ್ ಶಾಯಿಯ ಇಂಕ್‌ಜೆಟ್ ಮುದ್ರಣ. ಜಿಕ್ಲೇ ಎಂಬ ಹೆಸರಿಗೆ ಮರುಳಾಗದೆ ಮೂರು ಮಾತು ಕೇಳಿ. ಶಾಯಿ ಪಿಗ್ಮೆಂಟೋ (ಕರಗದ ಬಣ್ಣದ ಕಣಗಳದ್ದು) ಡೈಯೋ (ಕರಗಿದ ಬಣ್ಣದ್ದು)? ಎಷ್ಟು ಬಣ್ಣದ ಯಂತ್ರ? ಕಾಗದದ ಹೆಸರು ಮತ್ತು ಜಿಎಸ್‌ಎಂ (ಚದರ ಮೀಟರಿಗೆ ಎಷ್ಟು ಗ್ರಾಂ ತೂಕ) ಏನು? ಎಂಟರಿಂದ ಹನ್ನೆರಡು ಶಾಯಿಯ ಯಂತ್ರ, ಅದರಲ್ಲೂ ಕಿತ್ತಳೆ, ಹಸಿರು, ನೇರಳೆ ಶಾಯಿ ಪ್ರತ್ಯೇಕವಾಗಿರುವುದು ಈ ಚಿತ್ರಗಳಿಗೆ ಹೇಳಿಮಾಡಿಸಿದ್ದು. ಕಾಗದ ನೂರಕ್ಕೆ ನೂರು ಹತ್ತಿಯದಾಗಿರಲಿ. ಹಾನೆಮ್ಯೂಲೆ ಫೋಟೊ ರ‍್ಯಾಗ್ 308 ಜಿಎಸ್‌ಎಂ ಇಂಥದ್ದಕ್ಕೆ ಪರಿಚಿತ ಉದಾಹರಣೆ. ಕಾಗದವನ್ನು ಬೆಳ್ಳಗೆ ತೋರಿಸಲು ಸೇರಿಸುವ ಬ್ರೈಟನರ್ ರಾಸಾಯನಿಕ ಹೆಚ್ಚಿದ್ದರೆ ಮೊದಮೊದಲು ನೀಲಿ ಹೊಳಪು ಕೊಟ್ಟು ವರ್ಷಗಳು ಕಳೆದಂತೆ ಹಳದಿಗೆ ತಿರುಗುತ್ತದೆ. ಅದು ಇಲ್ಲದ ಕಾಗದ ಕೇಳಿ.

ಮ್ಯಾಟ್ ಕಾಗದದ ಮೇಲಿನ ದೂರು ಕಪ್ಪು ಬಣ್ಣ ಗಾಢವಾಗಿ ಬರುವುದಿಲ್ಲ ಎಂಬುದು. ಚುಕ್ಕಿಚಿತ್ರಕಾರರು ಕಪ್ಪನ್ನೂ ಮಣ್ಣಿನ ಬಣ್ಣಗಳನ್ನೂ ಬೇಕೆಂದೇ ದೂರವಿಟ್ಟವರು. ನೆರಳನ್ನು ನೀಲಿ-ನೇರಳೆಯಿಂದ ಕಟ್ಟಿದವರು. ಹೀಗಾಗಿ ಆ ಕೊರತೆ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಮೇಲಾಗಿ ವಾರ್ನಿಶ್ ಹೊಳಪು ಬೇಡವೆನ್ನುವ ಒಲವು ಈ ಗುಂಪಿನಲ್ಲಿತ್ತು. ಮ್ಯಾಟ್ ಮೇಲ್ಮೈ ಅದಕ್ಕೆ ಹತ್ತಿರ. ನಿಜವಾದ ನಷ್ಟ ಕಡುನೀಲಿಯಲ್ಲಿ: ಬರೈಟಾದಷ್ಟು ಆಳ ಸಿಗದು. ಕೆಂಪು ಬೋಯಾ ಆರಿಸಿದವರು, ಚಿತ್ರ ಹಾಕುವ ಗೋಡೆ ಕಿಟಕಿಗೆ ಎದುರಾಗಿಲ್ಲದಿದ್ದರೆ, ಬರೈಟಾ ಯೋಚಿಸಬಹುದು. ಉಳಿದ ಮೂರಕ್ಕೂ ಮ್ಯಾಟ್ ಹತ್ತಿ ಕಾಗದವೇ ಸರಿ.

ಮೂಲಚಿತ್ರ ಕ್ಯಾನ್ವಾಸಿನದು, ಆದ್ದರಿಂದ ಮುದ್ರಣವೂ ಕ್ಯಾನ್ವಾಸಿನಲ್ಲೇ ಇರಲಿ ಎಂದು ಬಹಳ ಮಂದಿ ಅಂದುಕೊಳ್ಳುತ್ತಾರೆ. ಇಲ್ಲಿಯೇ ಹೆಚ್ಚು ಹಣ ಪೋಲಾಗುವುದು. ಮೂಲದಲ್ಲಿ ಬಣ್ಣದ ಬಿಲ್ಲೆ ನೇಯ್ಗೆಯ ಮೇಲೆ ಎದ್ದು ನಿಂತಿರುತ್ತದೆ, ಮುದ್ರಣದಲ್ಲಿ ಶಾಯಿ ನೇಯ್ಗೆಯೊಳಕ್ಕೆ ಇಳಿದಿರುತ್ತದೆ. ಸೆರಾನ 1.5 ಮಿ.ಮೀ. ಚುಕ್ಕಿ ನೂಲಿನ ಏರಿಳಿತದ ಮೇಲೆ ಬಿದ್ದರೆ ಅರ್ಧ ಚುಕ್ಕಿ ನೆರಳಿನಲ್ಲಿ ಅಡಗುತ್ತದೆ. ಜೊತೆಗೆ ಮರದ ಪಟ್ಟಿಯ ಸುತ್ತ ಮಡಿಸಲು ಪ್ರತಿ ಬದಿಗೂ ನಾಲ್ಕೈದು ಸೆಂ.ಮೀ. ಬೇಕು. ಚಿತ್ರವನ್ನೇ ಮಡಿಸಿದರೆ ಅಂಚಿನ ದೋಣಿ ಪಕ್ಕಕ್ಕೆ ಹೋಗುತ್ತದೆ. ಮಡಿಕೆಗೆ ಬಿಳಿ ಬಟ್ಟೆ ಬಿಡಿಸಿ, ಇಲ್ಲವೇ ಫ್ಲೋಟರ್ ಫ್ರೇಮ್ (ಚಿತ್ರದ ಅಂಚು ಮುಚ್ಚದೆ ಸುತ್ತ ನಿಲ್ಲುವ ಚೌಕಟ್ಟು) ಹಾಕಿಸಿ.

ಕ್ಯಾನ್ವಾಸ್ ಗೆಲ್ಲುವ ಜಾಗವೂ ಇದೆ. ಮಾರ್ಸೆ ಚಿತ್ರವನ್ನು ಪೂರ್ಣ ಅಳತೆಯಲ್ಲಿ ಹಜಾರಕ್ಕೋ ಕಚೇರಿಯ ಸ್ವಾಗತ ಕೋಣೆಗೋ ಹಾಕುವುದಾದರೆ, ಕಾಗದಕ್ಕೆ ಮೌಂಟ್ (ಚಿತ್ರದ ಸುತ್ತಲಿನ ರಟ್ಟಿನ ಅಂಚು) ಸೇರಿ 130 × 103 ಸೆಂ.ಮೀ. ಗಾಜು ಬೇಕು. 3 ಮಿ.ಮೀ. ಗಾಜೇ ಹತ್ತು ಕಿಲೋ ತೂಗುತ್ತದೆ. ಅಷ್ಟು ಗಾತ್ರದಲ್ಲಿ ಗೆರೆಗಳು ನೇಯ್ಗೆಗಿಂತ ಬಹಳ ದೊಡ್ಡವು, ಕ್ಯಾನ್ವಾಸಿಗೆ ಗಾಜೂ ಬೇಡ.

ಅಕ್ರಿಲಿಕ್ ಮತ್ತು ಲೋಹದ ಹಾಳೆಯ ಮುದ್ರಣಗಳಲ್ಲಿ ಬಣ್ಣ ಕುಣಿಯುತ್ತದೆ, ತೇವಕ್ಕೆ ಜಗ್ಗುವುದಿಲ್ಲ. ಆದರೆ ಎದುರಿನ ಕಿಟಕಿ, ಫ್ಯಾನು, ದೀಪ ಎಲ್ಲವೂ ಅದರಲ್ಲಿ ಕಾಣುತ್ತವೆ. ಅಡುಗೆಮನೆ ಪಕ್ಕದ ಊಟದ ಜಾಗಕ್ಕೆ ಸರಿ, ಬೇರೆಡೆಗೆ ಬೇಡ.

ಕೈಯಿಂದ ಬರೆದ ನಕಲಿನಲ್ಲಿ ಚುಕ್ಕಿಗಳನ್ನು ಇಟ್ಟಿರುತ್ತಾರೆ, ಯಾವ ಬಣ್ಣದ ಪಕ್ಕ ಯಾವುದು ಎಂಬ ಲೆಕ್ಕವನ್ನು ಉಳಿಸುವುದು ಅಪರೂಪ. ಬಣ್ಣ ಮೊದಲೇ ಕಲಸಿ, ಮೇಲೆ ಚುಕ್ಕಿ ಚೆಲ್ಲಿದ ನಕಲೇ ಹೆಚ್ಚು. ಸೆರಾನ ಚಿತ್ರಕ್ಕಂತೂ ಯೋಚಿಸಲೇಬೇಡಿ.

ಇನ್ನು ಲಿಮಿಟೆಡ್ ಎಡಿಷನ್, ದೃಢೀಕರಣ ಪತ್ರ ಎಂದು ಹೆಚ್ಚು ಬೆಲೆ ಹೇಳುವವರಿಗೆ ಮಣಿಯಬೇಡಿ. ಹಕ್ಕು ಮುಗಿದ ಚಿತ್ರದ ಇಂಕ್‌ಜೆಟ್ ಮುದ್ರಣಕ್ಕೆ 25/200 ಎಂದು ಬರೆದರೆ ಬೆಲೆ ಏರಲು ಕಾರಣವಿಲ್ಲ. ಸಿನ್ಯಾಕ್ 1890ರ ದಶಕದಲ್ಲಿ ಬಣ್ಣದ ಲಿಥೋಗ್ರಾಫ್‌ಗಳನ್ನು (ಕಲ್ಲಚ್ಚಿನ ಮುದ್ರಣಗಳನ್ನು) ಸ್ವತಃ ಮಾಡಿದ್ದಾನೆ. ಅವು ಹರಾಜು ಮನೆಗಳಲ್ಲಿ ಮಾರಾಟವಾಗುವ ಬೇರೆಯೇ ವಸ್ತು.

ಗಾಜು, ಮಳೆಗಾಲ, ಬೆಳಕು

ಒಳ್ಳೆಯ ಮುದ್ರಣವನ್ನು ಕೆಡಿಸುವ ಕೆಲಸ ಫ್ರೇಮ್ ಅಂಗಡಿಯಲ್ಲಿ ನಡೆಯುತ್ತದೆ. ಪ್ರತಿಫಲನ ಬಾರದಿರಲೆಂದು ಮೇಲ್ಮೈ ಒರಟು ಮಾಡಿದ ನಾನ್-ರಿಫ್ಲೆಕ್ಟಿವ್ ಗಾಜು ಹಾಕುತ್ತಾರೆ. ಅದು ಕಾಗದಕ್ಕೆ ತಾಗಿದ್ದರೆ ಸ್ಪಷ್ಟ, ಮೌಂಟ್‌ನಿಂದಾಗಿ ಎರಡು-ಮೂರು ಮಿ.ಮೀ. ದೂರ ನಿಂತರೆ ಮಸುಕು. ಚುಕ್ಕಿಗಳ ಅಂಚು ಮೊದಲು ಹೋಗುತ್ತದೆ. ತಾಗಿಸಿ ಹಾಕಿದರೆ ತೇವಕ್ಕೆ ಶಾಯಿ ಗಾಜಿಗೆ ಅಂಟುತ್ತದೆ. ಆದ್ದರಿಂದ ಮೌಂಟ್ ಇರಲೇಬೇಕು, ಗಾಜು ಸಾದಾ ಇರಲಿ. ಹಣವಿದ್ದರೆ ಲೇಪನದ ಮ್ಯೂಸಿಯಂ ಗಾಜು, ತೂಕ ಕಡಿಮೆ ಬೇಕಿದ್ದರೆ 3 ಮಿ.ಮೀ. ಅಕ್ರಿಲಿಕ್ ಹಾಳೆ. ಫ್ರೇಮು ಬಿಳಿಯದೋ ತಿಳಿಮರದ್ದೋ ಇರಲಿ. ಸೆರಾ ಮತ್ತು ಕೆಲಕಾಲ ಇದೇ ಪದ್ಧತಿಯಲ್ಲಿ ಬರೆದ ಪಿಸಾರೊ ಬಿಳಿ ಚೌಕಟ್ಟುಗಳನ್ನು ಬಳಸಿದವರು, ಚಿನ್ನದ ಬಣ್ಣದ ಕೆತ್ತನೆ ಫ್ರೇಮು ಈ ಹಳದಿ-ಕಿತ್ತಳೆಗಳನ್ನು ನುಂಗುತ್ತದೆ.

ಮುದ್ರಣದ ಹಿಂದೆ ಫೆವಿಕಾಲ್ ಬಳಿದು ಹಾರ್ಡ್‌ಬೋರ್ಡಿಗೆ ಅಂಟಿಸಲು ಬಿಡಬೇಡಿ. ಮೊದಲ ಮಳೆಗಾಲಕ್ಕೇ ಕಾಗದ ಅಲೆ ಅಲೆಯಾಗಿ ಏಳುತ್ತದೆ, ಬೋರ್ಡಿನ ಆಮ್ಲ ಕಾಗದಕ್ಕೆ ಇಳಿದು ಕಂದು ಕಲೆ ಬರುತ್ತದೆ. ಆಸಿಡ್-ಫ್ರೀ ಬೋರ್ಡ್, ಮೇಲಂಚಿನಲ್ಲಿ ಮಾತ್ರ ಎರಡು ಕಾಗದದ ಹಿಂಜು (ಚಿತ್ರವನ್ನು ತೂಗಿ ಹಿಡಿಯುವ ಪಟ್ಟಿ), ಹಿಂಭಾಗ ಟೇಪಿನಿಂದ ಮುಚ್ಚಿರಬೇಕು. ಮಂಗಳೂರು, ಕಾರವಾರ, ಮಡಿಕೇರಿ ಕಡೆಯ ಮನೆಗಳಲ್ಲಿ ಮಳೆ ಬಡಿಯುವ ಹೊರಗೋಡೆಗೆ ತೂಗುಹಾಕಬೇಡಿ. ಫ್ರೇಮಿನ ಹಿಂದಿನ ಕೆಳಮೂಲೆಗಳಿಗೆ ಐದು ಮಿ.ಮೀ. ರಬ್ಬರ್ ಗುಂಡಿ ಅಂಟಿಸಿದರೆ ಗಾಳಿಯಾಡುತ್ತದೆ, ಬೂಷ್ಟು ಕಡಿಮೆ. ಅಲ್ಲಿ ಕ್ಯಾನ್ವಾಸ್ ಹಾಕಿಸುವವರು ಪಟ್ಟಿಯ ಮೂಲೆಗಳಲ್ಲಿ ಬೆಣೆ ಇರುವಂತೆ ನೋಡಿಕೊಳ್ಳಿ, ಬಟ್ಟೆ ಸಡಿಲವಾದಾಗ ಬಡಿದು ಬಿಗಿ ಮಾಡಬಹುದು.

2,700 ಕೆಲ್ವಿನ್‌ನ ಹಳದಿ ಬಲ್ಬಿನಡಿ ನೀಲಿ-ನೇರಳೆ ಸಾಯುತ್ತವೆ. 3,500ರಿಂದ 4,000 ಕೆಲ್ವಿನ್, ಸಿಆರ್‌ಐ (ಬೆಳಕು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಳತೆ) 90ಕ್ಕಿಂತ ಹೆಚ್ಚು ಎಂದು ಬರೆದಿರುವ ಎಲ್‌ಇಡಿ ಹಾಕಿ.

ಪೂರ್ತಿ ಮುದ್ರಣಕ್ಕೆ ಮೊದಲು ಒಂದು ತುಂಡು ಮಾದರಿ ಕೇಳಿ: ಅಂತಿಮ ಅಳತೆಯಲ್ಲೇ, ನೀರಿನ ಮೇಲೆ ಕಿತ್ತಳೆ ಮತ್ತು ನೀಲಿ ಪಕ್ಕಪಕ್ಕ ಬರುವ ಜಾಗದ 10 × 15 ಸೆಂ.ಮೀ. ಭಾಗ. ಅದನ್ನು ತೂಗುಹಾಕಲಿರುವ ಗೋಡೆಗೇ ಅಂಟಿಸಿ, ಹಗಲಿನಲ್ಲೂ ರಾತ್ರಿ ದೀಪದಲ್ಲೂ ನೋಡಿ. ಮೊಬೈಲ್ ಕ್ಯಾಮೆರಾ ಹತ್ತಿರ ಹಿಡಿದು ದೊಡ್ಡದು ಮಾಡಿದಾಗ ಕಿತ್ತಳೆ ಕಿತ್ತಳೆಯಾಗಿ, ನೀಲಿ ನೀಲಿಯಾಗಿ, ನಡುವೆ ಕಂದು ಗೆರೆ ಇಲ್ಲದೆ ಕಂಡರೆ ಮುದ್ರಿಸಲು ಹೇಳಿ. ಕಂದು ಕಂಡರೆ ಫೈಲು ಬದಲಿಸಿ, ಕಾಗದ ಬದಲಿಸಿ ಪ್ರಯೋಜನವಿಲ್ಲ. ಮುದ್ರಣ ಕೊಳವೆಯಲ್ಲಿ ಸುತ್ತಿ ಬಂದರೆ ಒಂದು ದಿನ ಸಮತಟ್ಟಾಗಿ ಹರಡಿಡಿ, ಮ್ಯಾಟ್ ಮೇಲ್ಮೈಯನ್ನು ಬೆರಳಿನಿಂದ ಉಜ್ಜಬೇಡಿ. ಉಜ್ಜಿದ ಕಡೆ ಹೊಳಪಿನ ಕಲೆ ನಿಲ್ಲುತ್ತದೆ, ಅದನ್ನು ತೆಗೆಯುವ ದಾರಿ ಇಲ್ಲ.